ಗೋಬರ್ ಗ್ಯಾಸಿನ ಪ್ರೆಶರ್ ಪೈಪಿಗೆ ನೀರಾ, ಪಾದರಸವಾ, ಎಣ್ಣೆಯಾ?

ಪ್ರಶ್ನೆ (ಪೆರ್ಲದ ಹತ್ತಿರದ ಓದುಗರೊಬ್ಬರದ್ದು): ನಮ್ಮಲ್ಲಿ ನಾಲ್ಕು ದನ ಉಂಟು, ದೀನಬಂಧು ಮಾಡೆಲಿನ ಗೋಬರ್ ಗ್ಯಾಸ್. ಅಡಿಗೆ ಕೋಣೆಯ ಹೊರಗಿನ ಗೋಡೆಗೆ ಮೇಸ್ತ್ರಿಗಳ ಲೆವೆಲ್ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಕಟ್ಟಿ, ನೀರು ಹಾಕಿ ಪ್ರೆಶರ್ ನೋಡ್ತೇವೆ. ಬೆಳಿಗ್ಗೆ 35 ಸೆಂ.ಮೀ. ತೋರಿಸ್ತಿತ್ತು, ಏಪ್ರಿಲಿನಲ್ಲಿ 30ಕ್ಕೆ ಇಳಿದಿದೆ. ಪಕ್ಕದ ಮನೆಯಲ್ಲಿ ಅದೇ ಸೈಜಿನ ಟ್ಯಾಂಕಿಗೆ 70 ಬರ್ತದೆ. ನೀರು ಆವಿಯಾಗ್ತದೆ, ಪಾಚಿ ಬೇರೆ. ಒಬ್ರು ಹಳೇ ಬಿಪಿ ಮಿಷನಿನ ಪಾದರಸ ಹಾಕಿ ಅಂತಾರೆ, ಇನ್ನೊಬ್ರು ಸೀಮೆಎಣ್ಣೆ, ಅಮ್ಮ ತೆಂಗಿನೆಣ್ಣೆ ಹಾಕು ಅಂತಾರೆ. ಯಾವುದು ಸರಿ? ಮದ್ದು ಬಿಡುವ ಪಂಪಿನ ಗೇಜಿನೊಳಗೆ ಇರುವ ಎಣ್ಣೆಯಂಥದ್ದನ್ನು ಇದಕ್ಕೂ ಹಾಕ್ಬಹುದಾ?

ಉತ್ತರ:

ನೀವು ಪ್ರಶ್ನೆ ಜೊತೆ ಒಂದು ಫೋಟೋ ಕಳ್ಸಿದ್ದು ಒಳ್ಳೇದಾಯ್ತು ಮಾರಾಯ್ರೆ, ಅದು ಇಲ್ದಿದ್ರೆ ನಾನೂ ದ್ರವದ ವಿಷಯವೇ ಉದ್ದಕ್ಕೆ ಬರೀತಿದ್ದೆ. ಫೋಟೋದಲ್ಲಿ ಕಾಣ್ತದೆ, ನೀವು ಟೈಲರ್ ಟೇಪನ್ನು ಹೊರಬದಿಯ ಕೊಳವೆಗೆ ಮಾತ್ರ ಅಂಟಿಸಿದ್ದೀರಿ, ಸೊನ್ನೆಯನ್ನು ಮೊದಲ ದಿನ ನೀರು ನಿಂತ ಮಟ್ಟಕ್ಕೆ ಇಟ್ಟು. ಅಲ್ಲಿಂದ ನೀರು 35 ಸೆಂ.ಮೀ. ಮೇಲೆ ಹತ್ತಿದೆ, ಸರಿ, ಆದ್ರೆ ಅದೇ ಹೊತ್ತಿಗೆ ಗ್ಯಾಸ್ ಬದಿಯ ಕೊಳವೆಯಲ್ಲಿ ನೀರು 35 ಸೆಂ.ಮೀ. ಕೆಳಗೆ ಇಳಿದಿರ್ತದಲ್ವಾ? ಪ್ರೆಶರ್ ಅಂದ್ರೆ ಎರಡು ಮಟ್ಟಗಳ ನಡುವಿನ ಎತ್ತರ. 35ಕ್ಕೆ 35 ಸೇರಿಸಿ, 70 ಆಯ್ತು. ಪಕ್ಕದ ಮನೆಯವರದ್ದೂ 70, ನಿಮ್ಮದೂ 70. ನಿಮ್ಮ ಗ್ಯಾಸ್ ಎಲ್ಲಿಗೂ ಹೋಗ್ಲಿಲ್ಲ, ನೀರಿನದ್ದೂ ತಪ್ಪಿಲ್ಲ.

ಏಪ್ರಿಲಿನ 30ರ ಕಥೆಯೂ ಇದೇ. ಬೇಸಿಗೆಗೆ ಪೈಪಿನಲ್ಲಿ ಒಟ್ಟು 10 ಸೆಂ.ಮೀ. ಉದ್ದದಷ್ಟು ನೀರು ಆವಿಯಾಗಿ ಹೋಯ್ತು ಅಂತ ಇಟ್ಕೊಳ್ಳಿ, ಎರಡೂ ಬದಿಯಲ್ಲಿ ಮಟ್ಟ ಐದೈದು ಇಳಿತದೆ, ನಿಮ್ಮ ಸೊನ್ನೆ ಮಾತ್ರ ಹಳೇ ಜಾಗದಲ್ಲೇ ಅಂಟಿಕೊಂಡು ಕೂತಿದೆ, ಹಾಗಾಗಿ 35 ಇದ್ದದ್ದು 30 ಕಂಡಿತು. ಎರಡು ಮಟ್ಟಗಳ ವ್ಯತ್ಯಾಸ ನೋಡಿದ್ರೆ ಆವತ್ತೂ 70ಏ ಇರ್ತಿತ್ತು. ಯು ಪೈಪಿನ ದೊಡ್ಡ ಗುಣವೇ ಅದು, ನೀರು ಸ್ವಲ್ಪ ಹೆಚ್ಚಾದ್ರೂ ಕಮ್ಮಿಯಾದ್ರೂ ವ್ಯತ್ಯಾಸ ಸುಳ್ಳು ಹೇಳೋದಿಲ್ಲ. ಒಂದೇ ಬದಿ ನೋಡಿದ್ರೆ ಆ ಗುಣವನ್ನೇ ನಾವು ಕಳ್ಕೊಂಡ ಹಾಗೆ. ಈಗ ಮಾಡ್ಬೇಕಾದ್ದು ಇಷ್ಟೇ, ಎರಡು ಕೊಳವೆಯ ನಡುವೆ ಒಂದು ಹಲಗೆ, ಅದಕ್ಕೆ ಸೆಂ.ಮೀ. ಟೇಪು, ಮೇಲಿನ ಮಟ್ಟದಿಂದ ಕೆಳಗಿನ ಮಟ್ಟ ಕಳೀರಿ.

ಇನ್ನು ದ್ರವದ ವಿಚಾರ. ಇದನ್ನು ಪೂರ್ತಿ ಹೇಳ್ಲೇಬೇಕು, ಯಾಕಂದ್ರೆ ಈ ಪಾದರಸದ ಸಲಹೆ ಕೊಟ್ಟವರು ಯಾರೇ ಇರ್ಲಿ, ಅದು ಕೆಟ್ಟ ಸಲಹೆ.

ಮೊದಲು ಲೆಕ್ಕ. ಪಾದರಸ ನೀರಿಗಿಂತ 13.6 ಪಾಲು ಭಾರ. ನಿಮ್ಮ 70 ಸೆಂ.ಮೀ. ನೀರಿನ ಪ್ರೆಶರ್ ಪಾದರಸದಲ್ಲಿ ಬರೀ 51 ಮಿ.ಮೀ. ಚಿಲ್ಲರೆ, ಅಂದ್ರೆ ಐದು ಸೆಂ.ಮೀ. ಸಂಜೆ ಅಡಿಗೆ ಮುಗಿದ ಮೇಲೆ ಪ್ರೆಶರ್ 10 ಸೆಂ.ಮೀ.ಗೆ ಇಳಿದ್ರೆ ಪಾದರಸದಲ್ಲಿ ಅದು ಏಳು ಮಿ.ಮೀ. ಆಗ್ತದೆ. ಕಣ್ಣು ಒಂದು ಮಿ.ಮೀ. ತಪ್ಪಿದ್ರೆ ನೀರಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದೂವರೆ ಸೆಂ.ಮೀ. ತಪ್ಪು. ಭಾರದ ದ್ರವ ಹಾಕಿದ್ರೆ ಹೆಚ್ಚು ಸರಿಯಾಗಿ ತೋರಿಸ್ತದೆ ಅಂತ ಸುಮಾರು ಜನ ನಂಬಿದ್ದಾರೆ, ಅದು ತಿರುಗುಮುರುಗು. ಭಾರದ ದ್ರವ ದೊಡ್ಡ ಪ್ರೆಶರನ್ನು ಚಿಕ್ಕ ಪೈಪಿನಲ್ಲಿ ಹಿಡಿದಿಡ್ಲಿಕ್ಕೆ, ಹಗುರದ ದ್ರವ ಸಣ್ಣ ಪ್ರೆಶರನ್ನು ದೊಡ್ಡದು ಮಾಡಿ ತೋರಿಸ್ಲಿಕ್ಕೆ.

ಬಿಪಿ ಮಿಷನಿಗೆ ಎಂತಕ್ಕೆ ಪಾದರಸ ಹಾಕಿದ್ದು ಅಂತ ಯೋಚಿಸಿ. 120 ಬಿಪಿ ಅಂದ್ರೆ 120 ಮಿ.ಮೀ. ಪಾದರಸ, ಅದನ್ನೇ ನೀರಲ್ಲಿ ಅಳೆದ್ರೆ 163 ಸೆಂ.ಮೀ. ಡಾಕ್ಟ್ರ ಮೇಜಿನ ಮೇಲೆ ಆಳೆತ್ತರದ ಕೊಳವೆ ನಿಲ್ಲಿಸ್ಬೇಕಾಗ್ತಿತ್ತು. 1640ರ ದಶಕದಲ್ಲಿ ಇಟಲಿಯ ಟೊರಿಚೆಲ್ಲಿ ಗಾಳಿಯ ಒತ್ತಡ ಅಳೀಲಿಕ್ಕೆ ಪಾದರಸ ಹಿಡಿದದ್ದೂ ಇದೇ ಕಾರಣಕ್ಕೆ, ಪಾದರಸದಲ್ಲಿ 76 ಸೆಂ.ಮೀ. ಸಾಕು, ನೀರಾದ್ರೆ 10 ಮೀಟರಿಗಿಂತ ಹೆಚ್ಚು, ನಮ್ಮ ತೋಟದ ಒಂದು ಅಡಿಕೆ ಮರದಷ್ಟು ಎತ್ತರದ ಕೊಳವೆ ಬೇಕು. ಬಾವಿ ದಂಡೆಯಲ್ಲಿ ಇಟ್ಟ ಪಂಪು ನೀರು 25 ಅಡಿಗಿಂತ ಕೆಳಗೆ ಹೋದ್ರೆ ಎಳೀಲಿಕ್ಕೆ ಒದ್ದಾಡ್ತದಲ್ಲ, ಅದರ ಹಿಂದೆ ಇರೋದೂ ಇದೇ 10 ಮೀಟರ್. ಹೀಗೆ ಪಾದರಸಕ್ಕೆ ಅದರದ್ದೇ ಜಾಗ ಇತ್ತು. ಗೋಬರ್ ಗ್ಯಾಸ್ ಆ ಜಾಗ ಅಲ್ಲ.

ಎರಡನೇದು ಇದಕ್ಕಿಂತ ದೊಡ್ಡದು. ನಿಮ್ಮ ಯು ಪೈಪು ಬರೀ ಮೀಟರ್ ಅಲ್ಲ, ಸೇಫ್ಟಿ ವಾಲ್ವೂ ಹೌದು. ಪ್ರೆಶರ್ ಮಿತಿ ಮೀರಿದ್ರೆ ಗ್ಯಾಸ್ ನೀರನ್ನು ತಳ್ಳಿಕೊಂಡು ಬುಳಬುಳ ಅಂತ ಹೊರಗೆ ಬರ್ತದೆ, ಗ್ಯಾಸ್ ತುಂಬುವ ಗುಮ್ಮಟ, ಅಂದ್ರೆ ಡೋಮ್, ಬಚಾವ್. ಅದೇ ಪೈಪಿನ ಅಡಿಗೆ ಹತ್ತು ಸೆಂ.ಮೀ. ಪಾದರಸ ಹಾಕಿದ್ರೂ ಸಾಕು, ಗ್ಯಾಸ್ ಅದನ್ನು ದಾಟ್ಲಿಕ್ಕೆ 136 ಸೆಂ.ಮೀ. ನೀರಿನ ಪ್ರೆಶರ್ ಬೇಕಾಗ್ತದೆ. ದೀನಬಂಧು, 1984ರಲ್ಲಿ ಬಂದ ಮಾಡೆಲ್, ಗಟ್ಟಿ ಡೋಮಿನದ್ದು, ಅದು ಕೆಲಸ ಮಾಡೋದು ಹೆಚ್ಚಂದ್ರೆ ಒಂದು ಮೀಟರ್ ನೀರಿನ ಆಸುಪಾಸಿನವರೆಗೆ. ಅಂದ್ರೆ ನಿಮ್ಮ ಸೇಫ್ಟಿ ಕೈ ಕೊಡ್ತದೆ. ಯಾವತ್ತಾದ್ರೂ ದಾಟಿತು ಅಂತಾದ್ರೆ ಅದು ಉಗುಳೋದು ಪಾದರಸವನ್ನು, ಅದೂ ಅಡಿಗೆ ಕೋಣೆಯ ಗೋಡೆ ಪಕ್ಕ.

ಮೂರನೇದು, ಸೆಗಣಿ ಗ್ಯಾಸಿನಲ್ಲಿ ಕೊಳೆತ ಮೊಟ್ಟೆ ವಾಸನೆ ಬರ್ತದಲ್ಲ, ಹೈಡ್ರೋಜನ್ ಸಲ್ಫೈಡ್, ಅದು ಪಾದರಸದ ಮೇಲೆ ಕಪ್ಪು ಪದರ ಕಟ್ಟಿಸ್ತದೆ, ಮಟ್ಟವೇ ಕಾಣೋದಿಲ್ಲ. ಹಿತ್ತಾಳೆಯ ನಾಝಲ್, ತಾಮ್ರದ ಪೈಪು, ಅಲ್ಯೂಮಿನಿಯಂ, ಚಿನ್ನ, ಇವೆಲ್ಲಕ್ಕೂ ಪಾದರಸ ಆಗಿಬರೋದಿಲ್ಲ. ನಾನು ಓದುವಾಗ ಲ್ಯಾಬಿನಲ್ಲಿ ಒಂದು ಕೊಳವೆ ಒಡೆದು ಪಾದರಸ ಮೇಜಿನ ಮೇಲೆ ಚೆಲ್ಲಿತು. ಜೊತೆಯವನೊಬ್ಬ ಕೈಯಿಂದ ಗುಡಿಸಿ ಒಟ್ಟು ಮಾಡ್ಲಿಕ್ಕೆ ಹೋದ. ಸಣ್ಣ ಸಣ್ಣ ಮಣಿಗಳಾಗಿ ಬೆರಳ ಸಂದಿಯಲ್ಲಿ ಜಾರಿ ಓಡ್ತಿತ್ತು, ಸಿಕ್ಕಿದ್ದು ಅರ್ಧವೂ ಇಲ್ಲ, ಅಷ್ಟರಲ್ಲಿ ನೋಡಿದ್ರೆ ಅವನ ಬೆರಳಿನ ಚಿನ್ನದ ಉಂಗುರ ಒಂದು ಬದಿ ಬೆಳ್ಳಿ ಹಾಗೆ ಬೆಳ್ಳಗಾಗಿದೆ. ಅವನ ಅಜ್ಜಿ ಕೊಟ್ಟ ಉಂಗುರ ಅದು. ಹುಡುಗ ಅಳೋದೊಂದು ಬಾಕಿ. ಉಂಗುರ ಹೋದ್ರೆ ಹೋಯ್ತು, ಆ ಮೇಜಿನ ಬಿರುಕುಗಳಲ್ಲಿ ಕೂತ ಮಣಿಗಳು ಎಷ್ಟು ವರ್ಷ ಆವಿ ಬಿಟ್ಟಿರ್ಬಹುದು ಅಂತ ನನಗೆ ಈಗ ಹೆದರಿಕೆ ಆಗ್ತದೆ. ಪಾದರಸದ ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಉಸಿರಲ್ಲಿ ಹೋಗಿ ನರಕ್ಕೂ ಕಿಡ್ನಿಗೂ ಪೆಟ್ಟು ಕೊಡ್ತದೆ. ಪಾದರಸದ ಬಳಕೆ ಇಳಿಸ್ಲಿಕ್ಕಾಗಿ 2013ರಲ್ಲಿ ಮಿನಮಾಟ ಒಪ್ಪಂದ ಆಯ್ತು, ಭಾರತ ಅದನ್ನು 2018ರಲ್ಲಿ ಅಂಗೀಕರಿಸಿತು, ಕೈಬಿಡ್ಬೇಕಾದ ವಸ್ತುಗಳ ಪಟ್ಟಿಯಲ್ಲಿ ಪಾದರಸದ ಬಿಪಿ ಮಿಷನೂ ಉಂಟು, ಪಾದರಸದ ಮಾನೋಮೀಟರೂ ಉಂಟು. ಮಾನೋಮೀಟರ್ ಅಂದ್ರೆ ನಿಮ್ಮ ಯು ಪೈಪಿಗೆ ಪುಸ್ತಕದ ಹೆಸರು. ಹಾಗಾಗಿ ಆ ಹಳೇ ಮಿಷನನ್ನು ಬಿಚ್ಚಲೇಬೇಡಿ. ಇದ್ದ ಹಾಗೆಯೇ ಗಟ್ಟಿ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಮುಚ್ಚಳ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಅಪಾಯಕಾರಿ ಕಸ ತೆಗೊಳ್ಳುವವರಿಗೇ ಕೊಡ್ಬೇಕು, ಗುಜರಿಯವರಿಗೆ ಖಂಡಿತ ಅಲ್ಲ.

ಅಮ್ಮನ ತೆಂಗಿನೆಣ್ಣೆ ಸಲಹೆಗೆ ಒಂದು ನ್ಯಾಯ ಉಂಟು, ಅದು ಆವಿಯಾಗೋದಿಲ್ಲ. ಆದ್ರೆ 24 ಡಿಗ್ರಿ ಹತ್ತಿರ ಬಂದ್ರೆ ಗಟ್ಟಿಯಾಗ್ತದೆ. ಧನು ತಿಂಗಳ ಬೆಳಿಗ್ಗೆ ತಲೆಗೆ ಹಾಕ್ಲಿಕ್ಕೆ ಬಾಟ್ಲಿಯನ್ನು ಬಿಸಿಲಿಗೆ ಇಡ್ತೇವಲ್ಲ, ಪೈಪಿನೊಳಗೂ ಅದೇ ಗತಿ, ಆ ಹೊತ್ತಿಗೆ ಮೀಟರೂ ಇಲ್ಲ, ಸೇಫ್ಟಿಯೂ ಇಲ್ಲ. ಸೀಮೆಎಣ್ಣೆ ಇದಕ್ಕಿಂತ ಕಷ್ಟ, ಅದೂ ಆವಿಯಾಗ್ತದೆ, ಬೆಂಕಿ ಹಿಡೀತದೆ, ಮತ್ತೆ ಲೆವೆಲ್ ಪೈಪಿನ ಪ್ಲಾಸ್ಟಿಕ್ಕಿನಲ್ಲಿರುವ ಮೆದು ಮಾಡುವ ಅಂಶವನ್ನು ಎಳ್ಕೊಂಡು ಪೈಪನ್ನು ಬಿರುಸು ಮಾಡ್ತದೆ, ಕೆಲವು ತಿಂಗಳಲ್ಲಿ ಬಗ್ಗಿಸಿದ ಜಾಗದಲ್ಲಿ ಸೀಳ್ತದೆ.

ಎಣ್ಣೆಗಳದ್ದು ಇನ್ನೂ ಒಂದು ತೊಂದರೆ, ಯಾರೂ ಹೇಳದೇ ಇರೋದು. ಸೆಗಣಿ ಗ್ಯಾಸ್ ಒಣ ಗ್ಯಾಸ್ ಅಲ್ಲ, ಅದರಲ್ಲಿ ನೀರಾವಿ ತುಂಬಿ ಇರ್ತದೆ, ರಾತ್ರಿ ತಂಪಾದಾಗ ಪೈಪಿನಲ್ಲಿ ಹನಿ ಕಟ್ಟಿ ಇಳೀತದೆ. ಕೊಳವೆಯಲ್ಲಿ ನೀರಿದ್ರೆ ಆ ಹನಿ ನೀರಿಗೆ ನೀರಾಗಿ ಸೇರ್ಕೊಳ್ತದೆ, ವ್ಯತ್ಯಾಸ ಓದುವವರಿಗೆ ಏನೂ ಆಗೋದಿಲ್ಲ. ಎಣ್ಣೆಯಿದ್ರೆ ಆ ನೀರು ಎಣ್ಣೆಯ ಅಡಿಗೆ ಹೋಗಿ ಕೂರ್ತದೆ. ಈಗ ನಿಮ್ಮ ಕೊಳವೆಯಲ್ಲಿ ಅರ್ಧ ಎಣ್ಣೆ ಅರ್ಧ ನೀರು, ಯಾವುದರ ಭಾರ ಹಿಡಿದು ಲೆಕ್ಕ ಮಾಡ್ತೀರಿ? ಅಳೀಲಿಕ್ಕೆ ಹೊರಟ ಗ್ಯಾಸಿನ ಜೊತೆ ಈ ದ್ರವ ಹೇಗೆ ಇರ್ತದೆ, ಬೆರೀತದಾ, ಕಪ್ಪಾಗ್ತದಾ, ಅದ್ರಿಂದ ಏನಾದ್ರೂ ಹೀರ್ಕೊಳ್ತದಾ ಅಂತ ನೋಡೋದು ಭಾರದ ಲೆಕ್ಕದಷ್ಟೇ ಮುಖ್ಯ.

ಇದನ್ನು ನಾನು ಕಲ್ತದ್ದು ಮೈಲುತುತ್ತಿನಿಂದ, ಅಂದ್ರೆ ತಾಮ್ರದ ಸಲ್ಫೇಟಿನಿಂದ. ನಮ್ಮ ಮನೆಯ ಪೈಪಿನಲ್ಲೂ ಪಾಚಿ ಕಟ್ತಿತ್ತು. ಅಡಿಕೆಗೆ ಬಿಡುವ ಬೋರ್ಡೋ ಮದ್ದು ಮಾಡಿ ಉಳಿದ ಮೈಲುತುತ್ತು ಕೊಟ್ಟಿಗೆಯಲ್ಲಿ ಇತ್ತು, ಪಾಚಿ ಸಾಯ್ತದೆ, ಮೇಲಿಂದ ಚಂದದ ನೀಲಿ ಬಣ್ಣ, ಮಟ್ಟ ದೂರದಿಂದಲೇ ಕಾಣ್ತದೆ ಅಂತ ಖುಷಿಯಲ್ಲಿ ಒಂದು ಚಿಟಿಕೆ ಕರಗಿಸಿ ಹಾಕಿದೆ. ಮರುದಿನ ನೋಡಿದ್ರೆ ಹೊರಬದಿಯ ಕೊಳವೆ ನೀಲಿ, ಗ್ಯಾಸ್ ಬದಿಯ ಕೊಳವೆಯಲ್ಲಿ ಮಸಿ ಹಾಗೆ ಕಪ್ಪು, ಗೋಡೆಗೆ ಅಂಟಿಕೊಂಡಿದೆ. ತಾಮ್ರಕ್ಕೂ ಆ ಮೊಟ್ಟೆ ವಾಸನೆಯ ಗ್ಯಾಸಿಗೂ ಕೂಡಿ ತಾಮ್ರದ ಸಲ್ಫೈಡ್ ಆದದ್ದು. ಪೈಪು ತೊಳೆದು ಹೋಗ್ಲಿಲ್ಲ, ಬಿಸಾಡಿ ಹೊಸತು ಹಾಕಿದೆ. ತೋಟ ಇರುವ ಮನೆಯಲ್ಲಿ ಈ ಯೋಚನೆ ನಿಮಗೂ ಬರ್ತದೆ, ಅದಕ್ಕೇ ಹೇಳಿದ್ದು.

ಹಾಗಾದ್ರೆ ಹಾಕೋದು ಯಾವುದು? ನೀರೇ. ಕಾಯಿಸಿ ಆರಿಸಿದ ಬಾವಿ ನೀರು ಸಾಕು, ಕುದಿಸಿದ್ರೆ ಅದರಲ್ಲಿ ಕರಗಿದ ಗಾಳಿ ಹೋಗ್ತದೆ, ಕೊಳವೆಯಲ್ಲಿ ಗುಳ್ಳೆ ಕಮ್ಮಿ. ಲಡ್ಡುವಿಗೆ ಹಾಕುವ ಕೆಂಪು ಫುಡ್ ಕಲರ್ ಎರಡು ಹನಿ. ಪಾತ್ರೆ ತೊಳೆಯುವ ಸೋಪ್ ದ್ರವ ಅರ್ಧ ಲೀಟರಿಗೆ ಒಂದೇ ಒಂದು ಹನಿ, ಜಾಸ್ತಿ ಹಾಕಿದ್ರೆ ನೊರೆ. ಈ ಸೋಪ್ ಎಂತಕ್ಕೆ ಅಂದ್ರೆ ನೀರಿಗೆ ಕೊಳವೆ ಗೋಡೆ ಹಿಡಿದು ಹತ್ತುವ ಗುಣ ಉಂಟು, ಕೊಳವೆ ಒಂದು ಬದಿ ಶುದ್ಧ, ಇನ್ನೊಂದು ಬದಿ ಜಿಡ್ಡಾಗಿದ್ರೆ ಎರಡೂ ಕಡೆ ಬೇರೆ ಬೇರೆ ಹತ್ತಿ ಮಿ.ಮೀ.ಗಟ್ಲೆ ಸುಳ್ಳು ಹೇಳ್ತದೆ. ಸಪೂರ ಪೈಪಿನಲ್ಲಿ ಇದು ಜಾಸ್ತಿ, ಹಾಗಾಗಿ ಒಳಗಿನ ಅಗಲ ಎಂಟು ಮಿ.ಮೀ. ಆದ್ರೂ ಇರ್ಲಿ. ಹಾಗಂತ ಪೈಪು ದಪ್ಪ ಆದ್ರೆ ಪ್ರೆಶರ್ ಕಮ್ಮಿ ತೋರಿಸ್ತದೆ ಅನ್ನೋದು ತಪ್ಪು ನಂಬಿಕೆ, ಎತ್ತರ ಒಂದೇ ಲೆಕ್ಕ. ಬೇಸಿಗೆಯ ಸೆಕೆಗೆ ನೀರು ಹಗುರ ಆಗೋದಿಲ್ವಾ ಅಂತ ಕೇಳಿದ್ರೆ, ಆಗ್ತದೆ, 25 ಡಿಗ್ರಿಯಿಂದ 35ಕ್ಕೆ ಹೋದ್ರೆ 70 ಸೆಂ.ಮೀ.ಗೆ ಎರಡು ಮಿ.ಮೀ. ವ್ಯತ್ಯಾಸ, ಒಲೆಗೆ ಅದು ಲೆಕ್ಕಕ್ಕೇ ಇಲ್ಲ.

ಪಾಚಿಗೆ ಮದ್ದು ನೆರಳು. ಬಿಸಿಲು ಬೀಳದ ಗೋಡೆಗೆ ಹಾಕಿ, ಇಲ್ಲಾಂದ್ರೆ ಒಂದು ತುಂಡು ಗೋಣಿ ನೇತು ಹಾಕಿ, ನೋಡುವಾಗ ಎತ್ತಿದ್ರಾಯ್ತು. ಆವಿಯಾಗದ ಹಾಗೆ ಮಾಡ್ಲಿಕ್ಕೆ ಹೊರಬದಿಯ ಕೊಳವೆಯ ತುದಿಗೆ ಒಂದು ಲೀಟರಿನ ನೀರಿನ ಬಾಟ್ಲಿಯನ್ನು ತಲೆಕೆಳಗಾಗಿ ಸಿಕ್ಕಿಸಿ, ಮುಚ್ಚಳಕ್ಕೆ ಪೈಪಿನ ಅಗಲಕ್ಕೆ ತೂತು ಮಾಡಿ ಎಂ-ಸೀಲ್ ಹಚ್ಚಿ, ಬಾಟ್ಲಿಯ ತಳದಲ್ಲಿ, ಈಗ ಅದು ಮೇಲೆ ಇರ್ತದೆ, ಬಳೆ ಹೋಗುವಷ್ಟಲ್ಲ, ಪೆನ್ಸಿಲ್ ಹೋಗುವಷ್ಟು ತೂತು ಇರ್ಲಿ. ಪೂರ್ತಿ ಮುಚ್ಚಿದ್ರೆ ಒಳಗಿನ ಗಾಳಿ ಒತ್ತಿ ರೀಡಿಂಗ್ ಸುಳ್ಳಾಗ್ತದೆ, ಅದು ಯಾವತ್ತೂ ಮಾಡ್ಬೇಡಿ. ಗ್ಯಾಸ್ ಜಾಸ್ತಿಯಾಗಿ ನೀರು ತಳ್ಳಿದ ದಿನ ನೀರು ಬಾಟ್ಲಿಯಲ್ಲಿ ನಿಲ್ತದೆ, ಪ್ರೆಶರ್ ಇಳಿದ ಕೂಡ್ಲೆ ವಾಪಸ್ ಪೈಪಿಗೆ ಇಳೀತದೆ. ಯು ಒಂದು ಮೀಟರ್ 20 ಸೆಂ.ಮೀ. ಎತ್ತರ ಇರ್ಲಿ, ಗ್ಯಾಸ್ ಬಂದ್ ಮಾಡಿ ಎರಡೂ ಬದಿ 55 ಸೆಂ.ಮೀ. ಬರುವ ಹಾಗೆ ನೀರು ತುಂಬ್ಸಿ. ಇದು ಈಗ ಇರುವ ಹಾಗೆ ಕೋಣೆಯ ಹೊರಗೇ ಇರ್ಬೇಕು, ಕಿಟಕಿಯಿಂದ ದೂರ.

ಇನ್ನು ಬೇರೆ ದ್ರವಗಳು ಇರೋದು ಯಾಕೆ ಅಂದ್ರೆ, ನೀರು ಸಾಕಾಗದ ಜಾಗ ಉಂಟು. ನಾನು ಮಂಗಳೂರಿನ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಕೆಲಸದಲ್ಲಿದ್ದಾಗ ಬಾಯ್ಲರಿನ ಚಿಮಣಿ ಎಳೆತ ನೋಡ್ಲಿಕ್ಕೆ ಓರೆ ಕೊಳವೆಯ ಗೇಜ್ ಇತ್ತು, ಅದರಲ್ಲಿ ಕೆಂಪು ಗೇಜ್ ಆಯಿಲ್, ನೀರಿಗೆ 1 ಅಂದ್ರೆ ಅದರ ಭಾರ 0.826. ಅಲ್ಲಿ ಅಳೆಯೋದು ನೀರಿನ ಕೆಲವೇ ಮಿ.ಮೀ., ನೆಟ್ಟಗಿನ ಕೊಳವೆಯಲ್ಲಿ ಅದು ಕಣ್ಣಿಗೇ ಕಾಣೋದಿಲ್ಲ. ಹತ್ತು ಉದ್ದಕ್ಕೆ ಒಂದು ಎತ್ತರ ಬರುವ ಹಾಗೆ ಓರೆ ಕೊಟ್ರೆ ನೀರಿನ ಒಂದು ಮಿ.ಮೀ. ಪ್ರೆಶರಿಗೆ ಆ ಎಣ್ಣೆ 12 ಮಿ.ಮೀ. ಓಡ್ತದೆ. ಒಂದು ಸಲ ಎಣ್ಣೆ ಕಮ್ಮಿಯಾಯ್ತು ಅಂತ ಯಾರೋ ನೀರು ತುಂಬಿಸಿ ಇಟ್ರು, ಸ್ಕೇಲ್ ಮಾತ್ರ 0.826ರ ಎಣ್ಣೆಗೆ ಪ್ರಿಂಟ್ ಆದದ್ದು. 10 ಇದ್ದ ಕಡೆ 8ರ ಮೇಲೆ ಸ್ವಲ್ಪ ತೋರಿಸ್ಲಿಕ್ಕೆ ಶುರುವಾಯ್ತು, ಎಳೆತ ಕಮ್ಮಿಯಾಗಿದೆ ಅಂತ ಡ್ಯಾಂಪರ್, ಅಂದ್ರೆ ಚಿಮಣಿ ದಾರಿಯ ಮುಚ್ಚಳ, ತಿರುಗಿಸಿ ತಿರುಗಿಸಿ ಮೂರು ದಿನ ಸುಮ್ನೆ ಸೌದೆ ಜಾಸ್ತಿ ಉರಿಸಿದ್ರು. ರೆಡಿ ಸ್ಕೇಲ್ ಇರುವ ಗೇಜಿಗೆ ಅದರ ಮೇಲೆ ಬರೆದ ನಂಬರಿನ ದ್ರವವೇ ಬೇಕು, ಬೇರೆ ಹಾಕಿದ್ರೆ ಗುಣಿಸ್ಬೇಕು. ಸೂತ್ರ ಸುಲಭ, ಸಾದಾ ಸೆಂ.ಮೀ. ಟೇಪಿನಲ್ಲಿ ಕಂಡ ಎತ್ತರ ಗುಣಿಸು ಆ ದ್ರವದ ಭಾರದ ನಂಬರ್, ಬಂದದ್ದು ನೀರಿನ ಲೆಕ್ಕ, ರೆಡಿ ಸ್ಕೇಲಾದ್ರೆ ಅದನ್ನು ಸ್ಕೇಲಿನ ಮೇಲೆ ಬರೆದ ನಂಬರಿನಿಂದ ಭಾಗಿಸಲೂ ಬೇಕು.

ಕೊನೇದು ನಿಮ್ಮ ಮದ್ದಿನ ಪಂಪಿನ ಗೇಜ್. ಅದರೊಳಗಿರೋದು ಗ್ಲಿಸರಿನ್, ಅದು ಅಳೆಯುವ ದ್ರವವೇ ಅಲ್ಲ. ಆ ಪಂಪಿನ ಪ್ರೆಶರ್ 20 ಬಾರ್ ಅಂತ ಹಿಡಿದ್ರೆ ನೀರಿನ ಕೊಳವೆ 200 ಮೀಟರ್ ಎತ್ತರ ಬೇಕಾಗ್ತದೆ, ಅದು ಆಗುವ ಮಾತಲ್ಲ, ಅದಕ್ಕೇ ಅಲ್ಲಿ ಬಾಗಿದ ಲೋಹದ ಟ್ಯೂಬ್ ಇರ್ತದೆ, ಪ್ರೆಶರ್ ಬಂದಾಗ ನೆಟ್ಟಗಾಗ್ಲಿಕ್ಕೆ ನೋಡ್ತದೆ, ಮುಳ್ಳು ತಿರುಗ್ತದೆ, ಫ್ರಾನ್ಸಿನ ಬೂರ್ದೋನ್ 1849ರಲ್ಲಿ ಮಾಡಿದ ಉಪಾಯ. ಪಿಸ್ಟನ್ ಪಂಪ್ ಕುಟ್ಟುವಾಗ ಮುಳ್ಳು ಗಡಗಡ ನಡುಗ್ತದೆ, ಅದನ್ನು ಹಿಡಿದು ನಿಲ್ಲಿಸ್ಲಿಕ್ಕೆ, ಒಳಗಿನ ಹಲ್ಲು ಸವೆಯದ ಹಾಗೆ ನೋಡ್ಲಿಕ್ಕೆ ಮಂದದ ಗ್ಲಿಸರಿನ್. ಮೇಲೆ ಸ್ವಲ್ಪ ಜಾಗ ಬಿಟ್ಟೇ ತುಂಬ್ಸೋದು, ಬಿಸಿಲಿಗೆ ಅದು ಹಿಗ್ಗಬೇಕಲ್ಲ, ಆ ಗಾಳಿಗುಳ್ಳೆ ನೋಡಿ ಸೋರಿದೆ ಅಂತ ಹೆದರ್ಬೇಡಿ. ಗ್ಲಿಸರಿನ್ನನ್ನು ನಿಮ್ಮ ಯು ಪೈಪಿಗೆ ಹಾಕಿದ್ರೆ ಜೇನಿನ ಹಾಗೆ ನಿಧಾನ ಹತ್ತಿ ನಿಧಾನ ಇಳಿದು, ಪ್ರೆಶರ್ ಬದಲಾದ ಮೇಲೂ ಸ್ವಲ್ಪ ಹೊತ್ತು ಹಳೇದನ್ನೇ ತೋರಿಸ್ತದೆ.

ಹಲಗೆ ಮತ್ತೆ ಬಾಟ್ಲಿ ಕಟ್ಟಿದ ಮೇಲೆ ಒಂದು ಕೆಲಸ ಮಾಡಿ. ರಾತ್ರಿ ಅಡಿಗೆ ಮುಗಿದ ಕೂಡ್ಲೆ ಡೋಮಿನ ಮೇಲಿನ ವಾಲ್ವನ್ನೂ ಒಲೆಯ ವಾಲ್ವನ್ನೂ ಬಂದ್ ಮಾಡಿ ವ್ಯತ್ಯಾಸ ಬರೆದಿಡಿ, ಬೆಳಿಗ್ಗೆ ಯಾವ ವಾಲ್ವೂ ತೆರೆಯುವ ಮೊದಲು ಇನ್ನೊಮ್ಮೆ ಬರೀರಿ. ರಾತ್ರಿಯ ತಂಪಿಗೆ ಪೈಪಿನೊಳಗಿನ ಗ್ಯಾಸ್ ಕುಗ್ಗಿ ಒಂದು ಡಿಗ್ರಿಗೆ ಮೂರು-ನಾಲ್ಕು ಸೆಂ.ಮೀ. ಲೆಕ್ಕದಲ್ಲಿ ಇಳಿದ್ರೆ, ಸೊನ್ನೆ ದಾಟಿ ಆಚೆ ಬದಿಗೆ ಹೋದ್ರೂ, ಚಿಂತೆ ಇಲ್ಲ, ಸರಿಯಾಗಿ ಸೊನ್ನೆಗೇ ಬಂದು ನಿಂತಿದ್ರೆ ಪೈಪಿನಲ್ಲಿ ಎಲ್ಲೋ ಲೀಕ್ ಇರ್ಬಹುದು, ಸೋಪಿನ ನೀರು ಹಚ್ಚಿ ಜಾಯಿಂಟ್ ಜಾಯಿಂಟ್ ನೋಡ್ಬೇಕು, ಬೆಂಕಿಕಡ್ಡಿ ಗೀರಿ ಹುಡುಕೋದು ಬೇಡವೇ ಬೇಡ. ಒಂದು ವಾರದ್ದು ಬರೆದು ಕಳ್ಸಿ, ನೋಡಿ ಹೇಳ್ತೇನೆ.